ಬಲಿಯಲಿ ಎಂದು ಬಿಟ್ಟ ಕಣ್ಣು

ಹೊತ್ತು ಮುಳುಗುವ ಮುಂಚೆ ಕುರಿ ಹಟ್ಟಿಗೆ ಬರಬೇಕು. ಬಂದ ಕುರಿಯನ್ನು ವರದಮ್ಮ ನೋಡಬೇಕು. ಅವಳು ‘ಹೂಂ’ ಅಂದ ಮೇಲೆಯೇ ಹಟ್ಟಿಯ ಬಾಯಿ ಕಟ್ಟಬೇಕು. ತೊಗರ್ಸಿಯ ಉಜ್ಜಪ್ಪನ ಮನೆಯಲ್ಲಿ ವರದಮ್ಮ ಸೊಸೆಯಾಗಿ ಬಂದಾಗಿನಿಂದ ನಡೆದುಕೊಂಡು ಬಂದ ಪದ್ಧತಿ ಇದು. ಉಜ್ಜಪ್ಪ ಅವಳ ಗಂಡ, ಕುರಿಯ ಯಜಮಾನ; ಅವನೂ ಎಣಿಸುತ್ತಾನೆ. ಆದರೆ ಎಣಿಸುವವನಿಗೆ ಮಧ್ಯೆ ಯಾರಾದರೂ ಬೆಂಕಿಪೊಟ್ಟಣ ಕೇಳಿದರೆ ಮುಗಿಯಿತು, ಮತ್ತೆ ಒಂದರಿಂದ ಶುರು. ವರದಮ್ಮನಿಗೆ ಆ ತಾಪತ್ರಯ ಇಲ್ಲ. ಅವಳು ಎಣಿಸುವುದಿಲ್ಲ, ಮುಖ ನೋಡುತ್ತಾಳೆ. ಮೋಟುಕಿವಿಯದು ಬಂತು, ಬಿಳಿಬೊಟ್ಟಿನದು ಬಂತು, ಹೋದ ವರ್ಷ ಅವಳಿ ಹಾಕಿದ್ದು ಬಂತು, ಅದರ ಹಿಂದೆಯೇ ಬರಬೇಕಾದ ಜಗಳಗಂಟಿ ಎಲ್ಲಿ ಹೋಯಿತು? ಹೀಗೆ. ಮದುವೆಮನೆಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಹೆಂಗಸರು ಎಣಿಸದೆಯೇ ಹೇಳುತ್ತಾರಲ್ಲ, ಹಾಗೆ.

ಈ ಕಣ್ಣು ಅವಳಿಗೆ ತವರಿನ ಬಳುವಳಿ. ತವರು ಸೊರಬದ ಕಡೆಯ ಹೊಸಬಾಳೆ. ಅಲ್ಲಿ ಅವಳ ತಾಯಿ ಬಸಕ್ಕನೂ ಹೀಗೆಯೇ ಹಟ್ಟಿಯ ಬಾಯಲ್ಲಿ ನಿಲ್ಲುತ್ತಿದ್ದವಳು. ಬಳುವಳಿ ಎಂದ ಮೇಲೆ ಒಳ್ಳೆಯದಷ್ಟೇ ಬರಬೇಕೆಂದೇನೂ ಇಲ್ಲವಲ್ಲ. ಕೊನೆಗಾಲದಲ್ಲಿ ಬಸಕ್ಕನ ಎರಡೂ ಕಣ್ಣು ಹೋಗಿದ್ದವು. ಆದರೂ ಅವಳು ಹಟ್ಟಿಯ ಬಾಯಲ್ಲಿ ಕಂಬಳಿ ಹಾಸಿಕೊಂಡು ಕೂತು, ಒಳಗೆ ಹೋಗುವ ಕುರಿಗಳ ಮುಖವನ್ನು ಕೈಯಿಂದ ಸವರುತ್ತಿದ್ದಳು. ಮಕ್ಕಳು ಬಂದರೂ ಹಾಗೆಯೇ. ಹಣೆ, ಮೂಗು, ಗಲ್ಲ ಮುಟ್ಟಿ, ‘ಚೌಡನಾ?’ ಎಂದು ಮಗನನ್ನು ಕೇಳುತ್ತಿದ್ದಳು. ಊರವರು ಪೊರೆ ಎಂದರು. ಪೊರೆ ಇನ್ನೂ ಎಳೆಯದು, ಬಲಿಯಲಿ, ಬಲಿತ ಮೇಲೆ ತೆಗೆಸೋಣ ಎಂದರು. ಬಸಕ್ಕ ಮಣ್ಣಿಗೆ ಹೋಗುವವರೆಗೂ ಅದು ಬಲಿಯಲಿಲ್ಲ. ವಯಸ್ಸಾಗಿತ್ತು ಬಿಡಿ ಎಂದು ಎಲ್ಲರೂ ಸುಮ್ಮನಾದರು.

ವರದಮ್ಮನ ಕಣ್ಣಿನ ಕತೆ ಶುರುವಾದದ್ದು ನಾಯಿಯ ಮೇಲಿನ ಸಿಟ್ಟಿನಿಂದ. ಒಂದು ಸಂಜೆ ಅವಳ ಲೆಕ್ಕಕ್ಕೆ ಮೋಟುಕಿವಿ ಸಿಗಲಿಲ್ಲ. ಕುರಿ ತಪ್ಪಿಸಿಕೊಂಡಿದೆ ಎಂದು ಉಜ್ಜಪ್ಪ ಮೆಕ್ಕೆಜೋಳದ ಹೊಲವೆಲ್ಲ ಹುಡುಕಿ, ಬೈಸಿಕೊಂಡು, ಸುಸ್ತಾಗಿ ಬಂದು ನೋಡಿದರೆ ಮೋಟುಕಿವಿ ಹಟ್ಟಿಯೊಳಗೇ ಮೆಲುಕು ಹಾಕುತ್ತಿತ್ತು. ವರದಮ್ಮನ ಎಡಗಡೆಯಿಂದಲೇ ಒಳಗೆ ಹೋಗಿತ್ತು. ಮತ್ತೆರಡು ಸಲ ಹೀಗಾಯಿತು. ಕರಿಯ ಎಂಬ ಅವರ ನಾಯಿ ಎಡಗಡೆ ಕುರಿಯನ್ನು ಒತ್ತರಿಸಿ ನುಗ್ಗಿಸುತ್ತದೆ, ಅದಕ್ಕೇ ಮುಖ ಕಾಣುವುದಿಲ್ಲ ಎಂದು ಅವಳು ತೀರ್ಮಾನ ಮಾಡಿದಳು. ಕರಿಯನಿಗೆ ಏಟು ಬಿತ್ತು. ಏಟಿನಿಂದಲೂ ಸರಿಹೋಗದಿದ್ದಾಗ ಅದನ್ನು ಶಿರಾಳಕೊಪ್ಪದ ನೆಂಟರ ಮನೆಗೆ ಸಾಗಹಾಕಿದ್ದಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವರದಮ್ಮ ನಾಯಿ ಡೊಂಕು ಎಂದಳು.

ನಾಯಿ ಹೋಯಿತು, ಎಡಗಡೆ ಮಾತ್ರ ಸರಿಹೋಗಲಿಲ್ಲ. ಆಮೇಲೆ ಗೂಟ ಎಡವಿದಳು, ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಂಡಳು. ಒಂದು ದಿನ ಬಲಗಣ್ಣಿಗೆ ಧೂಳು ಬಿದ್ದು ಉಜ್ಜಿಕೊಳ್ಳುವಾಗ, ಎಡಗಣ್ಣೊಂದರಲ್ಲೇ ನೋಡಿದರೆ ಎದುರಿಗಿದ್ದ ಉಜ್ಜಪ್ಪ ಮಂಜಿನೊಳಗೆ ನಿಂತ ಹಾಗಿದ್ದ. ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ನೋವಿಲ್ಲದ ಕಾಯಿಲೆಗೆ ಹೊಲದವರು ಯಾವತ್ತು ಆಸ್ಪತ್ರೆ ಮೆಟ್ಟಿಲು ಹತ್ತಿದ್ದಾರೆ?

ಭತ್ತದ ಕೊಯ್ಲು ಮುಗಿದ ಮೇಲೆ ಉಜ್ಜಪ್ಪ ಪ್ರತಿವರ್ಷ ಹೆಂಡತಿಯೊಂದಿಗೆ ಕುರಿ ಹೊಡೆದುಕೊಂಡು ಸೊರಬದ ಕಡೆ ಹೋಗುತ್ತಾನೆ. ಅಲ್ಲಿನ ಗದ್ದೆಯವರು ರಾತ್ರಿ ಹೊತ್ತು ತಮ್ಮ ಗದ್ದೆಯಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಹಿಕ್ಕೆ, ಗಂಜಲ ಬಿದ್ದ ಗದ್ದೆ ಮುಂದಿನ ಬೆಳೆಗೆ ಬೇರೆ ಗೊಬ್ಬರ ಕೇಳುವುದಿಲ್ಲ. ಯಾರ ಗದ್ದೆಯಲ್ಲಿ ಎಷ್ಟು ದಿನ, ಯಾವಾಗ ಚಂದ್ರಗುತ್ತಿಯ ಕಡೆಗೆ ದಾಟಬೇಕು ಎಂಬುದನ್ನೆಲ್ಲ ಗೊತ್ತು ಮಾಡುವವನು ಹೊಸಬಾಳೆಯಲ್ಲಿರುವ ವರದಮ್ಮನ ತಮ್ಮ ಚೌಡಪ್ಪ. ಆ ವರ್ಷ ಅವನು ಅಕ್ಕನ ರೆಪ್ಪೆ ಎತ್ತಿ ನೋಡಿದ. ನೋಡಿ, ಎಲ್ಲ ತಿಳಿದವನ ಹಾಗೆ ತಲೆ ಆಡಿಸಿದ.

“ಪೊರೆ ಕಣಕ್ಕ. ಇನ್ನೂ ಎಳೇದೈತೆ. ಈಗಲೇ ಕೈ ಹಾಕಿಸ್ಬೇಡ, ಬಲೀಲಿ.”

ನಮ್ಮ ಕಡೆ ಈ ಒಂದು ಮಾತು ಎಷ್ಟು ಕಣ್ಣು ತಿಂದಿದೆಯೋ ಲೆಕ್ಕ ಇಟ್ಟವರಿಲ್ಲ. ಹೀರೇಕಾಯಿ ಬಲಿತರೆ ತಿನ್ನಲು ಬರುವುದಿಲ್ಲ ಎಂದು ಎಳೆಯದನ್ನೇ ಕೊಯ್ಯುವ ಜನ, ಕಣ್ಣನ್ನು ಮಾತ್ರ ಬಲಿಯಲಿ ಎಂದು ಬಳ್ಳಿಯಲ್ಲೇ ಬಿಡುತ್ತಾರೆ. ಹಾಗೆಂದು ಚೌಡಪ್ಪ ಕೆಟ್ಟವನಲ್ಲ. ತಾಯಿಯ ಕಾಲದಲ್ಲಿ ಕೇಳಿದ್ದನ್ನೇ ಅಕ್ಕನಿಗೂ ಹೇಳಿದ. ವರದಮ್ಮನೂ ನಂಬಿದಳು. ಒಂದು ಸುಗ್ಗಿ ಹೋಯಿತು, ಮತ್ತೊಂದು ಸುಗ್ಗಿ ಬಂದು ಹೋಯಿತು. ಎಡಗಣ್ಣು ಬಲಿಯುತ್ತಿದೆ ಎಂದುಕೊಂಡು ಅವಳು ಒಳಗೊಳಗೇ ಸಮಾಧಾನದಿಂದಲೇ ಇದ್ದಳು.

ಅವಳನ್ನು ಹಿಡಿದು ನಿಲ್ಲಿಸಿದವಳು ಸೊಸೆ ಪ್ರಮೀಳಾ. ಮಳೆಗಾಲದ ಒಂದು ಮಧ್ಯಾಹ್ನ ವರದಮ್ಮ ಗಂಡನಿಗೆ ಬಡಿಸುತ್ತಿದ್ದಳು. ಸೌಟಿನ ಸಾರು ತಟ್ಟೆಗೆ ಬೀಳದೆ ತಟ್ಟೆಯ ಎಡಕ್ಕೆ, ಉಜ್ಜಪ್ಪನ ತೊಡೆಯ ಮೇಲೆ ಬಿತ್ತು. ಉಜ್ಜಪ್ಪ ಕೂಗಿಕೊಂಡ. ಪ್ರಮೀಳಾ ಕೂಗಲಿಲ್ಲ, ಬಯ್ಯಲಿಲ್ಲ. ಬುಧವಾರ ಶಿಕಾರಿಪುರದ ಆಸ್ಪತ್ರೆಯಲ್ಲಿ ಕಣ್ಣು ನೋಡುತ್ತಾರೆ, ಅತ್ತೆ ನೀವು ಬರುತ್ತೀರಿ ಎಂದಷ್ಟೇ ಹೇಳಿದಳು. ಪೊರೆ ಬಲಿತಿರಬಹುದು, ಹೋಗಿ ತೆಗೆಸಿಕೊಂಡೇ ಬರೋಣ ಎಂದು ವರದಮ್ಮ ಹುರುಪಿನಿಂದಲೇ ಹೊರಟಳು. ಬ್ಯಾಗಿನಲ್ಲಿ ಒಂದು ಜತೆ ಸೀರೆ, ಹೊದೆಯಲು ಕಂಬಳಿ, ದಾರಿಗೆ ರೊಟ್ಟಿ. ಆಪರೇಶನ್ ಆದವರಿಗೆ ಕಪ್ಪು ಕನ್ನಡಕ ಕೊಡುತ್ತಾರಂತೆ, ಅದನ್ನು ಹಾಕಿಕೊಂಡು ಹಟ್ಟಿಯ ಮುಂದೆ ನಿಂತರೆ ಕುರಿ ಬೆದರಬಹುದೇ ಎಂಬುದೊಂದೇ ಅವಳ ಚಿಂತೆ.

ಶಿಕಾರಿಪುರದಲ್ಲಿ ಕಣ್ಣು ನೋಡಿದವರು ಅಷ್ಟಕ್ಕೇ ಬಿಡಲಿಲ್ಲ, ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಚೈತ್ರಶ್ರೀ ಎಂಬ ಸಣ್ಣ ವಯಸ್ಸಿನ ಡಾಕ್ಟರು. ಔಷಧಿ ಬಿಟ್ಟು ಪಾಪೆ ಹಿಗ್ಗಿಸಿ, ಯಂತ್ರದ ಮುಂದೆ ಗಲ್ಲ ಇಡಿಸಿ, ಕಣ್ಣೊಳಗಿನ ಒತ್ತಡ ಅಳೆದು, ಆಮೇಲೆ ಎದುರಿಗೆ ಕೂತು, ‘ನನ್ನ ಮೂಗನ್ನೇ ನೋಡ್ತಿರಿ’ ಎಂದು ಒಂದೊಂದು ಕಡೆಯಿಂದಲೂ ಬೆರಳು ತಂದು, ಯಾವಾಗ ಕಂಡಿತು ಹೇಳಿ ಎಂದು ಕೇಳಿದರು. ವರದಮ್ಮ ಹೇಳುತ್ತ ಹೋದಂತೆ ಡಾಕ್ಟರ ಮುಖ ಗಂಭೀರವಾಯಿತು. ಕುರಿಯ ಮುಖ ಓದುವವಳಿಗೆ ಮನುಷ್ಯರ ಮುಖ ಓದುವುದು ಯಾವ ಲೆಕ್ಕ.

“ಪೊರೆ ಸ್ವಲ್ಪ ಇದೆ ಅಮ್ಮ. ಆದ್ರೆ ನಿಮ್ಮ ನೋಟ ತಿಂದಿರೋದು ಅದಲ್ಲ,” ಎಂದರು ಚೈತ್ರಶ್ರೀ. “ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ಹಿಂದಿನ ನರ ಒಣಗಿದೆ. ಗ್ಲಾಕೋಮಾ ಅಂತೀವಿ. ನೋವು ಕೊಡದೆ, ಪಕ್ಕದಿಂದ ಒಳಗೆ ಬರುತ್ತೆ.”

ವರದಮ್ಮ ಕೇಳಿದ್ದು ಎರಡೇ ಮಾತು.

“ಹೋಗಿದ್ದು?”

“ಹೋಗಿದ್ದು ಬರಲ್ಲ ಅಮ್ಮ.”

“ಇರೋದು?”

“ಬಲಗಣ್ಣಲ್ಲಿ ಇನ್ನೂ ಇದೆ. ಅದನ್ನ ಉಳಿಸಿಕೊಳ್ಳೋಕೆ ಔಷಧಿ ಇದೆ. ದಿನಾ ರಾತ್ರಿ ಒಂದು ಹನಿ. ಒಂದು ದಿನಾನೂ ತಪ್ಪಿಸಬಾರದು, ಸಾಯೋತನಕ.”

ಉಳಿದದ್ದನ್ನು ಪ್ರಮೀಳಾ ಕೇಳಿಕೊಂಡಳು. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಸ್ವಲ್ಪ ಹೊತ್ತು ಒತ್ತಿಕೊಳ್ಳಬೇಕು. ಹೇಳಿದಾಗ ಬಂದು ಒತ್ತಡ ಅಳೆಸಿಕೊಳ್ಳಬೇಕು. ಹನಿಯಿಂದ ಒತ್ತಡ ಇಳಿಯದಿದ್ದರೆ ಲೇಸರ್ ಇದೆ, ಆಪರೇಶನ್ ಇದೆ; ಆದರೆ ಯಾವುದೂ ಹೋದದ್ದನ್ನು ತರುವುದಿಲ್ಲ, ಇರುವುದನ್ನು ಕಾಯುತ್ತದೆ. ಪೊರೆ ಬಲಿಯಬೇಕು ಎನ್ನುವುದು ಹಿಂದಿನ ಕಾಲದ ಮಾತು, ಈಗ ಅದನ್ನು ತೆಗೆಯಲು ಬಲಿಯುವವರೆಗೆ ಯಾರೂ ಕಾಯಬೇಕಾಗಿಲ್ಲ. ಕಣ್ಣು ಮಂಜಾದದ್ದೆಲ್ಲ ಪೊರೆಯೂ ಅಲ್ಲ. ಏನೆಂದು ನೋಡಿ ಹೇಳಬೇಕಾದವರು ಡಾಕ್ಟರೇ ಹೊರತು ಊರಲ್ಲ. ಕೊನೆಗೆ ಡಾಕ್ಟರು, ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ವರದಮ್ಮ ಅವ್ವನ ಕತೆ ಹೇಳಿದಳು. ಹಾಗಿದ್ದರೆ ಒಡಹುಟ್ಟಿದವರು ಖಂಡಿತ ತೋರಿಸಿಕೊಳ್ಳಬೇಕು, ಇದು ರಕ್ತದಲ್ಲಿ ಬರಬಹುದಾದದ್ದು ಎಂದರು ಚೈತ್ರಶ್ರೀ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ವರದಮ್ಮ ಅತ್ತಳು. ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಯಾರೂ ತಿನ್ನಲಿಲ್ಲ. ಕಣ್ಣು ಹೋಯಿತಲ್ಲ ಎಂಬ ದುಃಖಕ್ಕಿಂತ, ಹೋಗುತ್ತಿರುವಾಗ ತಾನೇ ಅದನ್ನು ಬಲಿಯುತ್ತಿದೆ ಎಂದು ಸಾಕಿಕೊಂಡೆನಲ್ಲ ಎಂಬ ಸಂಕಟ ಹೆಚ್ಚಾಗಿತ್ತು. ಶಿಕಾರಿಪುರ ಬರುವ ಹೊತ್ತಿಗೆ ಅಳು ಮುಗಿಯಿತು. ಅವಳ ಅಪ್ಪ ಹೇಳುತ್ತಿದ್ದ ಒಂದು ಮಾತಿತ್ತು: ತೋಳ ಹೊತ್ತುಕೊಂಡು ಹೋದ ಕುರಿಗೆ ಅಳುತ್ತಾ ಕೂತರೆ ಹಟ್ಟಿಯ ಬಾಯಿ ತೆರೆದೇ ಇರುತ್ತದೆ. ವರದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಹನಿಯ ಬಾಟಲಿ ಯಾವ ಬ್ಯಾಗಿನಲ್ಲಿದೆ ಎಂದು ಸೊಸೆಯನ್ನು ಕೇಳಿದಳು.

ಮಾರನೆಯ ದಿನವೇ ಅವಳು ಹಟ್ಟಿಗೆ ಕೈ ಹಾಕಿದಳು. ಉಜ್ಜಪ್ಪನ ಹಟ್ಟಿಯ ಬಾಯಿ ಅವನ ತಾತನ ಕಾಲದಿಂದಲೂ ಅಗಲ. ಕುರಿ ಹಿಂಡುಹಿಂಡಾಗಿ ನುಗ್ಗಿ ಒಳಗೆ ಹೋಗಬೇಕು, ಅದೇ ಚೆಂದ ಎಂಬುದು ಆ ಮನೆಯವರ ಹೆಮ್ಮೆ. ವರದಮ್ಮ ಎರಡು ಗೂಟ ಹುಗಿಸಿ, ಬಲೆ ಎಳೆದು ಕಟ್ಟಿಸಿ, ಒಂದು ಕುರಿಯಷ್ಟೇ ನುಸುಳುವ ಹಾಗೆ ಬಾಯಿ ಕಿರಿದು ಮಾಡಿಸಿದಳು. ತಾನು ಬಾಯಿಯ ಎಡಪಕ್ಕದಲ್ಲಿ, ಎಲ್ಲ ಕುರಿಯೂ ತನ್ನ ಬಲಗಣ್ಣಿನ ಮುಂದೆಯೇ ಹಾದುಹೋಗುವಂತೆ ನಿಂತಳು. ಒಂದೊಂದಾಗಿ ಬಿಟ್ಟರೆ ಬೆಳಗಾಗುತ್ತದೆ, ಕುರಿ ಸಾಕಿದವರು ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಉಜ್ಜಪ್ಪ ಗೊಣಗಿದ. ನೋಟ ಕಿರಿದಾದ ಮೇಲೆ ಬಾಗಿಲೂ ಕಿರಿದಾಗಬೇಕು, ನೀವು ಬೇಕಾದರೆ ಅಷ್ಟು ಹೊತ್ತು ಬೀಡಿ ಸೇದಿ ಎಂದಳು ಹೆಂಡತಿ. ಮೊದಲ ಸಂಜೆ ಕುರಿಗಳು ಗಲಿಬಿಲಿಗೊಂಡು ಗೂಟವನ್ನೇ ಕಿತ್ತುಹಾಕಿದವು. ವಾರ ಕಳೆಯುವುದರೊಳಗೆ ಸಾಲು ಹಿಡಿದು ಬರಲು ಕಲಿತವು. ಶಿರಾಳಕೊಪ್ಪದಿಂದ ಕರಿಯನನ್ನೂ ವಾಪಸು ಕರೆಸಿದಳು. ನಾಯಿಯ ಹತ್ತಿರ ತಪ್ಪಾಯಿತು ಎನ್ನುವ ಪದ್ಧತಿ ಎಲ್ಲೂ ಇಲ್ಲ, ಅದಕ್ಕೇ ಎರಡು ರೊಟ್ಟಿ ಹಾಲಿನಲ್ಲಿ ಮುರಿದು ಹಾಕಿದಳು.

ಹನಿಯ ಹೊತ್ತನ್ನು ಗಡಿಯಾರಕ್ಕೆ ಕಟ್ಟಲಿಲ್ಲ, ಕುರಿಗೆ ಕಟ್ಟಿದಳು. ಕೊನೆಯ ಮರಿ ಒಳಗೆ ಹೋಗಿ ಹಟ್ಟಿಯ ಬಾಯಿ ಕಟ್ಟಿದ ಕೂಡಲೇ ಕೈ ತೊಳೆದು ಹನಿ. ಊಟ ಆಮೇಲೆ, ಮಾತು ಆಮೇಲೆ. ಕುರಿ ಒಳಗೆ ಹಾಕದೆ ಯಾವ ಕುರಿಗಾಹಿಯೂ ಮಲಗುವುದಿಲ್ಲ, ಹಾಗಾಗಿ ಹನಿಯೂ ತಪ್ಪುವುದಿಲ್ಲ. ಇಷ್ಟು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕುರಿ ಕಾದಳು, ಈಗ ಔಷಧಿ ಬಿಟ್ಟುಕೊಂಡು ಕಾಯುತ್ತಾಳೆ ಎಂದು ಉಜ್ಜಪ್ಪ ಊರಲ್ಲಿ ಹೇಳಿಕೊಂಡು ತಿರುಗಿದ.

ತನ್ನ ಕಣ್ಣಿಗೆ ಕಾವಲಾಯಿತು. ಆದರೆ ಡಾಕ್ಟರ ಕೊನೆಯ ಮಾತು ವರದಮ್ಮನನ್ನು ಬಿಡಲಿಲ್ಲ. ಬಸಕ್ಕನ ರಕ್ತ ಹಂಚಿಕೊಂಡವರು ಇನ್ನೊಬ್ಬರಿದ್ದರು.

ಚೌಡಪ್ಪನಿಗೆ ಫೋನು ಮಾಡಿದಳು. ನನಗೇನಾಗಿದೆ, ಈಗಲೂ ಸೂಜಿಗೆ ದಾರ ಪೋಣಿಸುತ್ತೇನೆ ಎಂದ. ಮತ್ತೆ ಮಾಡಿದಳು. ಗದ್ದೆ ಕೆಲಸ ಎಂದ. ಇನ್ನೊಮ್ಮೆ ಮಾಡಿದಾಗ ಅವನ ಹೆಂಡತಿ ತಿಮ್ಮಮ್ಮ ಎತ್ತಿಕೊಂಡು, ದನಿ ತಗ್ಗಿಸಿ ಮಾತಾಡಿದಳು. ಬೈಕನ್ನು ಎರಡು ಸಲ ನೀರಿನ ಚಾನಲ್ಲಿನ ಅಂಚಿಗೆ ಇಳಿಸಿದ್ದಾನೆ, ರಸ್ತೆ ಸರಿಯಿಲ್ಲ ಎನ್ನುತ್ತಾನೆ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಕಾಲು ಜಾರುತ್ತದೆ, ಬದು ಸರಿಯಿಲ್ಲ ಎನ್ನುತ್ತಾನೆ. ವರದಮ್ಮನಿಗೆ ಕರಿಯ ನೆನಪಾಯಿತು. ಅಕ್ಕನಿಗೆ ನಾಯಿ ಡೊಂಕಾದರೆ ತಮ್ಮನಿಗೆ ರಸ್ತೆ ಡೊಂಕು. ಫೋನಿನಲ್ಲಿ ಬಗ್ಗುವ ಆಳಲ್ಲ ಇವನು, ಸುಗ್ಗಿ ಬರಲಿ ಎಂದುಕೊಂಡಳು.

ಸುಗ್ಗಿ ಬಂತು, ಕುರಿ ಹೊಸಬಾಳೆಯ ಗದ್ದೆಗೆ ಬಂತು. ವರದಮ್ಮ ಬಂದ ಸಂಜೆಯೇ ಮಾತು ತೆಗೆದಳು. ಚೌಡಪ್ಪ ನಕ್ಕು, ದೂರದ ಗುಡ್ಡದ ಮೇಲಿನ ಮರ ತೋರಿಸಿ, ಅದರ ಕೊಂಬೆ ಎಣಿಸಿ ಹೇಳಲೇ ಎಂದು ಕೇಳಿದ. ಎಣಿಸಿಯೂ ಬಿಡುತ್ತಿದ್ದನೋ ಏನೋ. ಮುಂದಿನದು ಸೂಜಿಯ ಮೊನೆಯವರೆಗೆ ಕಾಣುತ್ತಿರುವಾಗಲೇ ಪಕ್ಕದ್ದೆಲ್ಲ ಕಳುವಾಗುವ ಕಾಯಿಲೆ ಇದು. ಕಳುವಾದದ್ದು ಕಳೆದುಕೊಂಡವನಿಗೇ ಗೊತ್ತಾಗುವುದಿಲ್ಲ. ಬಾಯಿಮಾತಿನಲ್ಲಿ ಇದನ್ನು ತಿಳಿಸಲಾಗದು ಎಂದು ಅವಳಿಗೂ ಅರ್ಥವಾಯಿತು. ಡಾಕ್ಟರು ಬೆರಳು ತಂದು ತೋರಿಸಿದ್ದು ನೆನಪಿತ್ತು. ಬೆರಳಾದರೆ ಚೌಡಪ್ಪ ಅಂದಾಜಿನಲ್ಲಿ ‘ಕಂಡಿತು’ ಎಂದು ಜಾರಿಕೊಳ್ಳಬಲ್ಲ. ಅದಕ್ಕೆ ಅವಳು ಮರಿ ಎತ್ತಿಕೊಂಡಳು.

ಇನ್ನೂ ಬೆಳಕಿತ್ತು. ಕೊಂಬಿನ ಟಗರನ್ನು ಎದುರಿಗೆ ಗೂಟಕ್ಕೆ ಕಟ್ಟಿಸಿ, ಮೊದಲು ಗಂಡನನ್ನೇ ಕಲ್ಲಿನ ಮೇಲೆ ಕೂರಿಸಿದಳು. ಬಲಗಣ್ಣು ಅಂಗೈಯಿಂದ ಮುಚ್ಚಿ. ಎಡಗಣ್ಣಲ್ಲಿ ಟಗರಿನ ಹಣೆಯನ್ನೇ ನೋಡಿ. ಕಣ್ಣು ಆಡಿಸಬಾರದು. ಮರಿ ಕಂಡ ಕೂಡಲೇ ಹೇಳಿ. ತಾನು ಬೆರಳನ್ನು ಮರಿಯ ಬಾಯಿಗೆ ಕೊಟ್ಟಳು. ಬೆರಳು ಚೀಪುವ ಮರಿ ಅರಚುವುದಿಲ್ಲ. ಉಜ್ಜಪ್ಪನ ಮೂಗಿನ ಕಡೆಯಿಂದ, ಬಲಗಡೆಯಿಂದ, ಬರಿಗಾಲಿನಲ್ಲಿ ಸದ್ದಿಲ್ಲದೆ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ನಾಲ್ಕು ಹೆಜ್ಜೆ ಇಡುವುದರೊಳಗೆ ಉಜ್ಜಪ್ಪ ಕಂಡಿತು ಎಂದ. ಆಟ ಚೆನ್ನಾಗಿದೆ ಎಂದು ತಿಮ್ಮಮ್ಮನೂ ಕೂತಳು. ಅವಳಿಗೂ ಅಲ್ಲೇ ಕಂಡಿತು.

ಚೌಡಪ್ಪ ಕೊನೆಗೆ ಕೂತ. ಬಲಗಣ್ಣು ಮುಚ್ಚಿಕೊಂಡು ಟಗರನ್ನು ನೋಡುತ್ತಾ, ತಾ ಅಕ್ಕ ನಿನ್ನ ಮರಿ ಎಂದ. ವರದಮ್ಮ ಹೊರಟಳು. ಉಜ್ಜಪ್ಪ ಕಂಡಿತು ಎಂದ ಜಾಗ ದಾಟಿತು. ಚೌಡಪ್ಪ ಸುಮ್ಮನಿದ್ದ. ತಿಮ್ಮಮ್ಮ ಬಾಯಿ ತೆರೆಯಲು ಹೋದಾಗ ಉಜ್ಜಪ್ಪ ಕೈಸನ್ನೆ ಮಾಡಿದ. ವರದಮ್ಮ ಇನ್ನೂ ಮುಂದೆ ಬಂದಳು. ಮರಿಯ ಬಿಳಿ ಮೈ ಎಲ್ಲರಿಗೂ ಕಾಣುತ್ತಿತ್ತು, ಟಗರಿಗೂ ಕಂಡು ಅದು ಮೂಸಲು ಕತ್ತು ಚಾಚಿತು.

“ಇನ್ನೂ ಹೊರಟಿಲ್ವೇನಕ್ಕ?” ಎಂದು ಚೌಡಪ್ಪ ಕೇಳಿದ.

ತಮ್ಮನನ್ನು ಸೋಲಿಸಬೇಕೆಂದೇ ಮರಿ ಎತ್ತಿಕೊಂಡಿದ್ದ ವರದಮ್ಮ, ಈಗ ತಾನು ಸೋತರೆ ಸಾಕಿತ್ತು ಎಂದುಕೊಂಡಳು. ಮತ್ತೊಂದು ಹೆಜ್ಜೆ ಇಟ್ಟು ಟಗರಿಗೂ ಅವನಿಗೂ ನಡುವೆ ನಿಂತಾಗ ಚೌಡಪ್ಪ ಬೆಚ್ಚಿ ಹಿಂದಕ್ಕೆ ಸರಿದ. ಅಂಗೈ ತೆಗೆದು ಅಕ್ಕ ನಿಂತ ಜಾಗ ನೋಡಿದ. ತಿಮ್ಮಮ್ಮನ ಮುಖ ನೋಡಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಮರಿಯನ್ನು ಅವನ ತೊಡೆಯ ಮೇಲಿಟ್ಟು ವರದಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತಳು.

ಮರಿಯ ಕಿವಿ ಸವರುತ್ತ ಚೌಡಪ್ಪ ಹೇಳಿದ, “ಬಲೀಲಿ ಅಂದೋನು ನಾನೇ ಅಲ್ವೇನಕ್ಕ.”

ಅವನು ಇಷ್ಟು ದಿನ ತಪ್ಪಿಸಿಕೊಂಡು ತಿರುಗಿದ್ದಕ್ಕೆ ಹೆದರಿಕೆಯೊಂದೇ ಕಾರಣವಲ್ಲ ಎಂದು ವರದಮ್ಮನಿಗೆ ಆಗ ತಿಳಿಯಿತು. ಆಸ್ಪತ್ರೆಗೆ ಹೋದರೆ, ಅಕ್ಕನ ಕಣ್ಣಿನ ಲೆಕ್ಕ ತನ್ನ ತಲೆಯ ಮೇಲೆ ಬರುತ್ತದೆ ಎಂದು ಅವನು ಅಂಜಿದ್ದ.

“ಅಂದಿದ್ದೆ. ಕೇಳಿದೋಳು ನಾನು,” ಎಂದಳು. “ಅವ್ವಂಗೂ ಹಂಗೇ ಅಂದ್ರು, ಅವಳೂ ಕೇಳಿದ್ಲು. ಇನ್ನು ಈ ಮನೇಲಿ ಯಾರೂ ಅನ್ನಬಾರದು, ಯಾರೂ ಕೇಳಬಾರದು. ನಾಳೆ ಮೊದಲ ಬಸ್ಸಿಗೆ ಹೋಗೋದು ಕಣೋ.”

ಬಸ್ಸಿಗೆ ಮೂವರು ಹತ್ತಿದರು. ಅಕ್ಕ, ತಮ್ಮ, ಮೂರನೆಯವಳು ಪಕ್ಕದ ಮನೆಯ ರಾಜೇಶ್ವರಮ್ಮ. ಅವಳೂ ಚೌಡಪ್ಪನ ಮಾತು ಕೇಳಿ ಎರಡೂ ಕಣ್ಣನ್ನು ಬಲಿಯಲು ಬಿಟ್ಟು ಕೂತಿದ್ದ ಮುದುಕಿ. ನಾನೇ ಕೂರಿಸಿದ್ದು, ನಾನೇ ಎಬ್ಬಿಸುತ್ತೇನೆ ಎಂದು ಚೌಡಪ್ಪ ಬೆಳಿಗ್ಗೆ ಹೋಗಿ ಕರೆದುಕೊಂಡು ಬಂದಿದ್ದ.

ಶಿವಮೊಗ್ಗದಲ್ಲಿ ಅದೇ ಡಾಕ್ಟರು ಚೌಡಪ್ಪನನ್ನು ನೋಡಿ, ಅಕ್ಕನದೇ ಕಾಯಿಲೆ, ಎಡಗಣ್ಣಿನಲ್ಲಿ ಒಂದಷ್ಟು ಹೋಗಿದೆ, ಬಲಗಣ್ಣಿನಲ್ಲಿ ಈಗಷ್ಟೇ ಶುರು ಎಂದರು. ಇಷ್ಟು ಉಳಿದಿರುವಾಗಲೇ ಬಂದಿರಲ್ಲ, ಹನಿ ತಪ್ಪಿಸದಿದ್ದರೆ ಇದನ್ನು ಕೊನೆಯವರೆಗೆ ಕಾಪಾಡಿಕೊಳ್ಳುವ ಭರವಸೆ ಇದೆ ಎಂದರು. ವರದಮ್ಮ ಎರಡೂ ಕೈ ಎತ್ತಿ ಮುಗಿದಳು. ರಾಜೇಶ್ವರಮ್ಮನದು ಮಾತ್ರ ನಿಜವಾದ ಪೊರೆ. ಮೊದಲೇ ಬಂದಿದ್ದರೂ ತೆಗೆಯಬಹುದಿತ್ತಂತೆ. ಅವಳನ್ನು ಅಲ್ಲೇ ಉಳಿಸಿಕೊಂಡು ಒಂದು ಕಣ್ಣಿನ ಪೊರೆ ತೆಗೆದು ಮಸೂರ ಕೂರಿಸಿ ಕಳಿಸಿದರು.

ನಾಲ್ಕು ದಿನದ ಮೇಲೆ ರಾಜೇಶ್ವರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗದ್ದೆಗೇ ಬಂದಳು. ಕನ್ನಡಕ ಮೇಲೆತ್ತಿ ವರದಮ್ಮನ ಮುಖವನ್ನು ದಿಟ್ಟಿಸಿ, ಎಷ್ಟು ಬಡವಾಗಿದ್ದೀಯೇ ಎಂದು ಗಲ್ಲ ಹಿಡಿದಳು. ಭತ್ತದ ಹುಲ್ಲಿನ ಬಣ್ಣ, ಕರಿಯನ ಬಾಲದ ತುದಿಯ ಬಿಳಿ, ಎಲ್ಲವನ್ನೂ ಹೊಸದಾಗಿ ಕಂಡವಳ ಹಾಗೆ ಹೇಳುತ್ತ ನಿಂತಳು. ವರದಮ್ಮ ನಕ್ಕಳು, ಒಳ್ಳೆಯದಾಯಿತು ಎಂದಳು, ನೀರು ತರುವ ನೆಪ ಮಾಡಿ ಹುಲ್ಲಿನ ಬಣವೆಯ ಹಿಂದೆ ಹೋಗಿ ನಿಂತಳು. ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಪ್ಪಿಲ್ಲ. ನನ್ನದೂ ಪೊರೆಯೇ ಆಗಿದ್ದರೆ ದೇವರ ಗಂಟೇನು ಹೋಗುತ್ತಿತ್ತು ಎಂದು ಅಲ್ಲೇ ನಿಂತು ಮನಸ್ಸಿನಲ್ಲೇ ಜಗಳ ಆಡಿದಳು. ಅಷ್ಟರಲ್ಲಿ ಕುರಿ ಬರುವ ಹೊತ್ತಾಯಿತು. ಕುರಿ ಯಾರ ಬೇಸರಕ್ಕೂ ಕಾಯುವುದಿಲ್ಲ. ಅವಳು ಗದ್ದೆಯಲ್ಲಿ ಬಲೆ ಸುತ್ತಿ ಮಾಡಿದ್ದ ಹಟ್ಟಿಯ ಬಾಯಿಗೆ ಬಂದಳು, ಒಂದೊಂದೇ ಮುಖ ನೋಡಿದಳು, ಹೂಂ ಎಂದಳು, ಕೈ ತೊಳೆದು ಹನಿ ಬಿಟ್ಟುಕೊಂಡಳು.

ತೊಗರ್ಸಿಗೆ ಮರಳಿದ ಮೇಲೆ ದಿನವೂ ಸಂಜೆ ಫೋನು. ಚೌಡಪ್ಪನಿಗೆ ಹನಿ ಎಂದರೆ ಉದಾಸೀನ. ಕಣ್ಣು ಉರಿಯುತ್ತದೆ ಎಂದು ಒಮ್ಮೆ, ಮರೆತೆ ಎಂದು ಒಮ್ಮೆ, ಏನೂ ಗೊತ್ತಾಗುತ್ತಿಲ್ಲವಲ್ಲ, ಯಾಕೆ ಬಿಡಬೇಕು ಎಂದು ಇನ್ನೊಮ್ಮೆ. ವರದಮ್ಮ ಬಯ್ದಳು, ಬೇಡಿದಳು, ತಿಮ್ಮಮ್ಮನನ್ನು ಎತ್ತಿಕಟ್ಟಿದಳು. ಉರಿಯುವುದನ್ನು ಡಾಕ್ಟರಿಗೆ ಹೇಳಿ ಬೇರೆ ಔಷಧಿ ಬರೆಸಿಕೊಂಡು ಬರಲು ಅವನನ್ನು ಮತ್ತೆ ಶಿವಮೊಗ್ಗಕ್ಕೆ ಓಡಿಸಿದಳು. ಕೊನೆಗೆ ಅವನೂ ತನ್ನ ದನ ಕೊಟ್ಟಿಗೆಗೆ ಕಟ್ಟಿದ ಕೂಡಲೇ ಹನಿ ಎಂಬ ಕಟ್ಟುಪಾಡಿಗೆ ಬಿದ್ದ. ಅವಳ ಫೋನು ಬರುವ ಮೊದಲೇ ಅವನ ಫೋನು ಬರತೊಡಗಿತು. ಹಾಕಿಕೊಂಡೆ, ನೀನು? ಅಷ್ಟೇ ಮಾತು.

ವರ್ಷ ತುಂಬಿ ಇಬ್ಬರೂ ಒಟ್ಟಿಗೆ ತೋರಿಸಲು ಹೋದಾಗ ಡಾಕ್ಟರು ಯಂತ್ರದಿಂದ ಮುಖ ಎತ್ತಿ, ಇಬ್ಬರದೂ ಹೋದ ವರ್ಷ ಇದ್ದ ಹಾಗೆಯೇ ಇದೆ ಎಂದರು. ಬೇರೆಯವರಿಗೆ ಇದು ಒಂದು ಸುದ್ದಿಯೇ ಅಲ್ಲ. ವರದಮ್ಮ ಬಸ್ ನಿಲ್ದಾಣದಲ್ಲಿ ಮಿಠಾಯಿ ಕೊಂಡಳು.

ಆ ಸುಗ್ಗಿಯಲ್ಲಿ ಕುರಿ ಮತ್ತೆ ಹೊಸಬಾಳೆಯ ಗದ್ದೆಗೆ ಇಳಿದವು. ಹಟ್ಟಿಯ ಕಿರಿದಾದ ಬಾಯಿಯಲ್ಲಿ ಅಕ್ಕ ಒಂದು ಪಕ್ಕ, ತಮ್ಮ ಎದುರು ಪಕ್ಕ ನಿಂತರು. ಕುರಿ ಇಬ್ಬರ ನಡುವೆ ಸಾಲು ಹಿಡಿದು ಒಳಗೆ ಹೋದವು. ಕೊನೆಯ ಮರಿ ದಾಟಿತು. ವರದಮ್ಮ ಹೂಂ ಎಂದಳು, ಉಜ್ಜಪ್ಪ ಬಲೆ ಎಳೆದು ಕಟ್ಟಿದ. ಚೌಡಪ್ಪ ಮಾತ್ರ ಹಟ್ಟಿಯ ಬಾಯಿಯ ಪಕ್ಕ ಹಾಸಿದ್ದ ಕಂಬಳಿಯನ್ನೇ ನೋಡುತ್ತ ನಿಂತಿದ್ದ.

“ಅವ್ವ ಹಿಂಗೇ ಕಂಬಳಿ ಹಾಸ್ಕಂಡು ಕೂತ್ಕಂತಿದ್ಲು,” ಎಂದ. “ಕೊನೆಕೊನೆಗೆ ನಾನು ಬಂದ್ರೆ ಮುಖ ಎಲ್ಲಾ ಸವರಿ, ಚೌಡನಾ ಅಂತ ಕೇಳೋಳು. ಆ ಕೈ ಈಗಲೂ ನೆನಪೈತೆ.”

ವರದಮ್ಮನಿಗೂ ನೆನಪಿತ್ತು. ಒರಟು ಅಂಗೈ, ಕುರಿಯ ವಾಸನೆ, ಹಣೆಯಿಂದ ಗಲ್ಲಕ್ಕೆ ಮೆಲ್ಲಗೆ ಇಳಿಯುತ್ತಿದ್ದ ಆ ಬೆರಳು. ಅವಳು ಕೈ ತೊಳೆದುಕೊಂಡು ತಮ್ಮನ ಬಾಟಲಿಯ ಮುಚ್ಚಳ ತೆಗೆದಳು.

“ನಾನು ನಿನ್ನ ಮುಖ ಸವರಿ ಗುರುತು ಹಿಡಿಯಕ್ಕೆ ಒಪ್ಪಲ್ಲ ಕಣೋ,” ಎಂದಳು. “ಕೂತ್ಕೋ. ತಲೆ ಎತ್ತು.”

ಚೌಡಪ್ಪ ಕಂಬಳಿಯ ಮೇಲೆ ಕೂತು ತಲೆ ಎತ್ತಿದ. ಅವಳು ತಮ್ಮನ ಮುಖವನ್ನು ತನ್ನ ಬಲಗಣ್ಣಿನ ನೇರಕ್ಕೆ ತಿರುಗಿಸಿಕೊಂಡು, ಅವನ ಕೆಳರೆಪ್ಪೆ ಎಳೆದು, ಹನಿ ಬಿಟ್ಟಳು.